ಶಾಲು ನಮಗೆ, ಗೀತೆಯ ಪಾಠ ಮಕ್ಕಳಿಗೆ

ಥಾಣೆಯ ಕೋಪರಿಯ ನಮ್ಮ ಸಂಘದ ಕಳೆದ ಸಭೆಯಲ್ಲಿ ನಾನೊಂದು ಸೂಚನೆ ಇಟ್ಟಿದ್ದೆ. ಗಣಪತಿ ವಿಸರ್ಜನೆಯ ದಿನಗಳಲ್ಲಿ ನಿರ್ಮಾಲ್ಯ ಬೇರ್ಪಡಿಸಲು, ತಿಂಗಳಿಗೊಂದು ಭಾನುವಾರ ಮೀಠಬಂದರ್ ಕಡೆಯ ಖಾಡಿಯ (ಕಡಲ ಹಿನ್ನೀರಿನ) ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕಲು ಬರುವ ಹುಡುಗ ಹುಡುಗಿಯರಿಗೆ ಸಂಘದ ಖರ್ಚಿನಲ್ಲಿ ಎರಡು ತಾಸು ಟರ್ಫ್ ಮೈದಾನ ಬಾಡಿಗೆಗೆ ಹಿಡಿದು ಕೊಡೋಣ. ವಾರ್ಷಿಕ ಕ್ರೀಡಾಕೂಟದಲ್ಲಿ ಅವರ ತಂಡದ ಲೆಕ್ಕಕ್ಕೆ ಕೆಲಸದ ಅಂಕವನ್ನೂ ಸೇರಿಸೋಣ. ಇಷ್ಟೇ ಸೂಚನೆ. ಚಹಾ ಕುಡಿದು ಮುಗಿಯುವುದರೊಳಗೆ ವಿರೋಧ ಶುರುವಾಯಿತು. ವಿರೋಧಿಸಿದವರೆಲ್ಲ ನನಗೆ ಬೇಕಾದವರೇ. ಮೆಟ್ಟಿಲ ಮೇಲೆ ನಿಂತು ಗುಸುಗುಸು ಮಾಡುವ ಬದಲು ಬರೆದೇ ಉತ್ತರಿಸುತ್ತೇನೆ.

ಎಲ್ಲಕ್ಕಿಂತ ತೂಕದ ಆಕ್ಷೇಪ, ಸೇವೆ ನಿಷ್ಕಾಮವಾಗಿರಬೇಕು ಎಂಬುದು. ಪ್ರತಿಫಲದ ರುಚಿ ಹತ್ತಿಸಿದರೆ ನಾಳೆ ಅದಿಲ್ಲದೆ ಯಾರೂ ಕೈ ಅಲ್ಲಾಡಿಸುವುದಿಲ್ಲ ಎಂದಿರಿ. ಈ ಭಯ ಸುಳ್ಳಲ್ಲ. ಅದಕ್ಕೆ ಪುರಾವೆಯನ್ನೂ ನಾನೇ ಕೊಡುತ್ತೇನೆ. ಇಸ್ರೇಲಿನಲ್ಲಿ ಪ್ರೌಢಶಾಲೆಯ ಮಕ್ಕಳು ಮನೆಮನೆಗೆ ಹೋಗಿ ಚಂದಾ ಎತ್ತುವ ದಿನವೊಂದಿದೆ. ನೀಝಿ ಮತ್ತು ರುಸ್ತಿಕೀನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ ಎತ್ತಿದ ಹಣದ ನೂರಕ್ಕೆ 1ರಷ್ಟು, ಮೂರನೆಯದಕ್ಕೆ ನೂರಕ್ಕೆ 10ರಷ್ಟು. ಅತಿ ಹೆಚ್ಚು ಚಂದಾ ತಂದದ್ದು ಏನೂ ಸಿಗದ ಗುಂಪು, ಅತಿ ಕಡಿಮೆ ತಂದದ್ದು ನೂರಕ್ಕೆ 1ರ ಗುಂಪು. 2000ದಲ್ಲಿ ಈ ಪ್ರಯೋಗ ಪ್ರಕಟವಾಯಿತು.

ಆದರೆ ಅಲ್ಲಿ ಕೊಟ್ಟದ್ದು ದುಡ್ಡು. ದುಡಿಮೆಯನ್ನು ಅಳೆದು ಕಟ್ಟಿದ ಬೆಲೆ. ಬೆಲೆ ಕಟ್ಟಿದೊಡನೆ ಸೇವೆ ಕೂಲಿಯಾಗುತ್ತದೆ, ಅದೂ ಕಡಿಮೆ ಕೂಲಿ. ಆದ್ದರಿಂದಲೇ ನಾನು ಹಣ, ಕೂಪನ್, ಮೊಬೈಲ್ ರೀಚಾರ್ಜ್ ಯಾವುದನ್ನೂ ಕೇಳಿಲ್ಲ. ಕೇಳಿದ್ದು ಆಟ. ಆಟವನ್ನು ಒಬ್ಬನೇ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಲಾಗುವುದಿಲ್ಲ. ಬೆಳಿಗ್ಗೆ ಜೊತೆಗೆ ಗೋಣಿ ಹಿಡಿದವರೇ ಸಂಜೆ ಜೊತೆಗೆ ಬ್ಯಾಟು ಹಿಡಿಯುತ್ತಾರೆ.

ಎಪ್ಪತ್ತರ ದಶಕದಲ್ಲಿ ಊರಿನಲ್ಲಿ ನಮ್ಮ ಯುವಕ ಮಂಡಲ ಭಾನುವಾರ ಶ್ರಮದಾನ ಮಾಡುತ್ತಿತ್ತು. ಶಾಲೆಯ ದಾರಿಗೆ ಮಣ್ಣು ಹೊತ್ತೆವು, ಗುಡ್ಡದ ಬದಿ ತಟ್ಟು ಮಾಡಿದೆವು. ಅವಲಕ್ಕಿ, ಬೆಲ್ಲ, ಚಾ ಆದ ಮೇಲೆ ಅದೇ ತಟ್ಟಿನಲ್ಲಿ ಕತ್ತಲಾಗುವವರೆಗೆ ವಾಲಿಬಾಲ್. ವಾಲಿಬಾಲ್ ಇಲ್ಲದಿದ್ದರೆ ನಾನು ಹೋಗುತ್ತಿದ್ದೆನೇ? ಮೊದಮೊದಲು ಖಂಡಿತ ಇಲ್ಲ. ಅದನ್ನು ಲಂಚ ಎಂದು ಯಾರೂ ಕರೆದದ್ದು ನೆನಪಿಲ್ಲ.

ನಿಷ್ಕಾಮದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ನಮ್ಮ ಯಾವ ಸಮಾರಂಭ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ ಇಲ್ಲದೆ ಮುಗಿದಿದೆ? ಸ್ಮರಣ ಸಂಚಿಕೆಯಲ್ಲಿ ಫೋಟೊ ಚಿಕ್ಕದಾಯಿತೆಂದು ಮುನಿಸಿಕೊಂಡವರನ್ನು ನಾವು ಕಂಡಿಲ್ಲವೇ? ನಾನೂ ಎರಡು ಶಾಲು ಹೊದ್ದವನೇ. ಇದೇ ಥಾಣೆಯಲ್ಲಿ ಮೊಸರುಕುಡಿಕೆಗೆ ಲಕ್ಷಗಟ್ಟಲೆ ಬಹುಮಾನ ಕಟ್ಟಿದಾಗ ಕೃಷ್ಣಭಕ್ತಿ ಕೆಟ್ಟಿತೆಂದು ಯಾರೂ ಅಳಲಿಲ್ಲ. 2022ರಲ್ಲಿ ಮಹಾರಾಷ್ಟ್ರ ಸರಕಾರ ಅದಕ್ಕೆ ಸಾಹಸ ಕ್ರೀಡೆಯ ಮಾನ್ಯತೆ ಕೊಟ್ಟಾಗ ಚಪ್ಪಾಳೆ ತಟ್ಟಿದೆವು. ಎನ್ನೆಸ್ಸೆಸ್ ಮಾಡಿದ ವಿದ್ಯಾರ್ಥಿಗೆ ಮುಂಬಯಿ ವಿಶ್ವವಿದ್ಯಾಲಯ ಕೃಪಾಂಕ ಕೊಡುತ್ತದೆ. ನಿಮ್ಮ ಮಕ್ಕಳೂ ಅದನ್ನು ತೆಗೆದುಕೊಂಡಿದ್ದಾರೆ.

ಎರಡನೆಯದು, ಆಟದ ಆಸೆಗೆ ಬಂದವರು ಕೆಲಸವನ್ನು ಕಾಟಾಚಾರಕ್ಕೆ ಮಾಡುತ್ತಾರೆ ಎಂಬ ವಾದ. ನೈರೋಬಿಯ ಮಥಾರೆ ಕೊಳೆಗೇರಿಯನ್ನು ನೋಡಿ. 1987ರಲ್ಲಿ ಬಾಬ್ ಮನ್ರೋ ಎಂಬ ಕೆನಡಾದವರು ಅಲ್ಲಿನ ಹುಡುಗರಿಗೆ ಫುಟ್‌ಬಾಲ್ ಲೀಗ್ ಕಟ್ಟಲು ನೆರವಾದರು. ಷರತ್ತು ಒಂದೇ: ನೀವು ಏನಾದರೂ ಮಾಡಿದರೆ ನಾನೂ ಮಾಡುತ್ತೇನೆ. ಓಣಿಯ ಕಸ, ಚರಂಡಿ ಶುಚಿ ಮಾಡಿ ಮುಗಿಸಿದ ತಂಡಕ್ಕೆ ಲೀಗ್ ಪಟ್ಟಿಯಲ್ಲಿ 6 ಅಂಕ, ಒಂದು ಪಂದ್ಯ ಗೆದ್ದರೆ ಸಿಗುವುದಕ್ಕಿಂತ ಹೆಚ್ಚು. ಅಂಕ ಇಡೀ ತಂಡದ್ದಾದ್ದರಿಂದ ಮೈಗಳ್ಳನನ್ನು ಕಾಯಲು ಮೇಸ್ತ್ರಿ ಬೇಕಾಗುವುದಿಲ್ಲ, ಜೊತೆಗಾರರೇ ಸಾಕು. ಅದೇ ಸಂಸ್ಥೆಯಿಂದ ಹುಟ್ಟಿದ ಮಥಾರೆ ಯುನೈಟೆಡ್ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗ್ ಗೆದ್ದಿತು.

ಹತ್ತನೆಯ ತರಗತಿಯ ಮಕ್ಕಳ ಓದು ಹಾಳಾಗುತ್ತದೆ ಎಂದರು ಒಬ್ಬ ತಾಯಿ. ಅಕ್ಕಾ, ಇಲ್ಲೇ ಮುಂಬಯಿಯ ಕಫ್ ಪರೇಡಿನ ಅಂಬೇಡ್ಕರ್ ನಗರದಲ್ಲಿ ಅಶೋಕ್ ರಾಠೋಡ್ 2006ರಲ್ಲಿ ಶುರುಮಾಡಿದ ಆಸ್ಕರ್ ಫೌಂಡೇಶನ್ ಇದೆ. ಶಾಲೆ ಬಿಟ್ಟವನಿಗೆ ಅಲ್ಲಿ ಫುಟ್‌ಬಾಲ್ ಇಲ್ಲ. ಅಲ್ಲಿ ಚೆಂಡೇ ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಟ್ಟಿದೆ. ಬೋರ್ಡ್ ಪರೀಕ್ಷೆಯ ಮೊದಲಿನ ಎರಡು ತಿಂಗಳು ಬೇಕಾದರೆ ಬಿಟ್ಟುಬಿಡೋಣ.

ಖರ್ಚಿನ ಪ್ರಶ್ನೆಗೆ ಒಂದೇ ಸಾಲು: ವರ್ಷಕ್ಕೆ ಒಂದು ಸನ್ಮಾನ ಕಡಿಮೆ ಮಾಡೋಣ.

ಒಂದು ಆಕ್ಷೇಪಕ್ಕೆ ಮಾತ್ರ ತಲೆಬಾಗುತ್ತೇನೆ. ಆಡಲು ಬಾರದವರಿಗೆ, ಹುಡುಗಿಯರಿಗೆ ಏನು ಸಿಕ್ಕಿತು? ಟರ್ಫ್ ಎಂದರೆ ಕೊನೆಗೆ ಗಟ್ಟಿ ಕೈಯ ಹತ್ತು ಹುಡುಗರ ಬಾಕ್ಸ್ ಕ್ರಿಕೆಟ್, ಉಳಿದವರು ಬಲೆಯ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ. ಕೇಳಿದವಳು ನಮ್ಮ ಕಾರ್ಯದರ್ಶಿಯವರ ಮಗಳು, ಅವಳ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಸೂಚನೆಯನ್ನು ತಿದ್ದಿದ್ದೇನೆ. ಎರಡರಲ್ಲಿ ಮೊದಲ ತಾಸು ಹುಡುಗಿಯರ ಥ್ರೋಬಾಲಿಗೆ, ಕೆಲಸಕ್ಕೆ ಬಂದ ಪ್ರತಿಯೊಬ್ಬರೂ ಕಣಕ್ಕೆ ಇಳಿಯಲೇಬೇಕು, ಲಗೋರಿಯಾದರೂ ಸರಿ. ಓಡಲಾಗದವರಿಗೆ ಕೇರಂ, ಚೆಸ್.

ಇನ್ನು ಖಾಡಿಯ ವಿಚಾರ. ಅದೇ ಥಾಣೆ ಖಾಡಿಯ ಕೆಳಭಾಗ 2015ರಿಂದ ಫ್ಲೆಮಿಂಗೋ ಅಭಯಾರಣ್ಯ, 2022ರಿಂದ ರಾಮ್‌ಸಾರ್ ಪಟ್ಟಿಯಲ್ಲೂ ಇದೆ. ಚೆಂದಣಿ ಕೋಳಿವಾಡದ ಮೀನುಗಾರರ ಬದುಕು ತಲೆಮಾರುಗಳಿಂದ ಆ ನೀರಿನೊಂದಿಗೆ ಬೆಸೆದಿದೆ. ಇಷ್ಟು ವರ್ಷ ನಿಷ್ಕಾಮದ ಭಾಷಣ ಕೇಳಿದ ಎಷ್ಟು ಮಂದಿ ಅಲ್ಲಿಗೆ ಗೋಣಿ ಹಿಡಿದು ಹೋಗಿದ್ದೇವೆ? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಮುಂದಿನ ಸಭೆಯಲ್ಲಿ ತಿದ್ದಿದ ಸೂಚನೆ ಮತಕ್ಕೆ ಬರುತ್ತದೆ. ವಿರೋಧಿಸುವವರು ವಿರೋಧಿಸಿಯೇ ಮತ ಹಾಕಲಿ, ಬೇಸರವಿಲ್ಲ. ಆದರೆ ಒಂದೂವರೆ ದಿನದ ಗಣಪತಿಯ ವಿಸರ್ಜನೆಯ ಸಂಜೆ ಮಾತ್ರ ದಯವಿಟ್ಟು ಬನ್ನಿ. ಕೈಗವಸು ನಾವು ತರುತ್ತೇವೆ. ಮರುದಿನದ ಆಟಕ್ಕೆ ಇಬ್ಬರು ಅಂಪೈರ್‌ಗಳು ಬೇಕಾಗಿದ್ದಾರೆ, ಶಾಲು ಇರುವುದಿಲ್ಲ.