ಮೈಸೂರನ್ನು ಕೆಡವಿದ್ದು ಮೀರ್ ಸಾದಿಕ್ ಒಬ್ಬನೇ ಅಲ್ಲ

ಟಿಪ್ಪು ಸುಲ್ತಾನರ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಇನ್ನೊಂದು ಹೆಸರೂ ಕೇಳಿಬರುತ್ತದೆ. ಅದು ಮೀರ್ ಸಾದಿಕ್‌ನದು. ಸುಲ್ತಾನರು ಹುಲಿಯಂತೆ ಹೋರಾಡಿದರು, ಆಸ್ಥಾನದ ದ್ರೋಹಿಯೊಬ್ಬ ಕೋಟೆಯನ್ನು ಶತ್ರುವಿಗೆ ಒಪ್ಪಿಸಿದ, ರಾಜ್ಯ ಮುಳುಗಿತು! ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಮಕ್ಕಳು ಹಿರಿಯರ ಬಾಯಿಂದ ಕೇಳಿ ಬೆಳೆಯುವ ಕಥೆ ಬಹುಮಟ್ಟಿಗೆ ಇಷ್ಟೇ. ಈ ಕಥೆಯಲ್ಲಿ ಸತ್ಯಾಂಶವಿರಬಹುದು. ಆದರೆ ಇದನ್ನೇ ಪೂರ್ಣ ಸತ್ಯವೆಂದು ನಂಬುವುದು ಸುಲ್ತಾನರಿಗೆ ಮಾಡುವ ಅನ್ಯಾಯ, ನಮಗೆ ನಾವೇ ಮಾಡಿಕೊಳ್ಳುವ ವಂಚನೆ.

ಮೊದಲು ಅವರು ಕಟ್ಟಿದ್ದೇನು ಎಂಬುದನ್ನು ನೋಡೋಣ. ನಂದಿಬೆಟ್ಟದ ಬುಡದಿಂದ ಹೆಚ್ಚು ದೂರವಿಲ್ಲದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, 1782ರ ಡಿಸೆಂಬರ್‌ನಲ್ಲಿ ತಂದೆ ಹೈದರ್ ಅಲಿಯವರು ತೀರಿಕೊಂಡಾಗ ಅಧಿಕಾರ ವಹಿಸಿಕೊಂಡರು. ಯುರೋಪಿನಲ್ಲಿ ಜ್ಞಾನೋದಯದ ಚಿಂತನೆಗಳು ಅರಸೊತ್ತಿಗೆಗಳನ್ನು ಅಲುಗಾಡಿಸುತ್ತಿದ್ದ ಕಾಲವದು. ಮೈಸೂರಿನ ಈ ದೊರೆ ಹೊಸ ಪಂಚಾಂಗ, ಹೊಸ ನಾಣ್ಯಗಳು, ಕಂದಾಯದ ನಿಯಮಾವಳಿ, ಸರ್ಕಾರಿ ವ್ಯಾಪಾರ ಕೋಠಿಗಳನ್ನು ಜಾರಿಗೆ ತಂದರು. ಮಸ್ಕತ್‌ನಲ್ಲಿ ಅವರ ವ್ಯಾಪಾರ ಕೇಂದ್ರವಿತ್ತು. 1788ರಲ್ಲಿ ಅವರ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ವರ್ಸೇಲ್ಸ್‌ನಲ್ಲಿ ಕಂಡರು. ಮರು ವರ್ಷವೇ ಆ ದೊರೆಯ ಸಿಂಹಾಸನದ ಕೆಳಗೆ ನೆಲ ಬಿರುಕುಬಿಟ್ಟಿತು. ಮೈಸೂರಿನ ಯುದ್ಧರಾಕೆಟ್‌ಗಳನ್ನಂತೂ ಗೆದ್ದವರೇ ಇಂಗ್ಲೆಂಡಿಗೆ ಒಯ್ದು ಅಭ್ಯಾಸ ಮಾಡಿದರು.

ಇಂತಹ ರಾಜ್ಯ 1799ರ ಮೇ 4ರ ಒಂದು ಮಧ್ಯಾಹ್ನದಲ್ಲಿ ಕುಸಿಯಿತೇ? ಇಲ್ಲ. ನಮ್ಮ ಜಿಲ್ಲೆಯವರಿಗೆ ಇದರ ಸಾಕ್ಷಿ ಕಣ್ಣೆದುರಿಗೇ ನಿಂತಿದೆ. ನಂದಿದುರ್ಗದ ಕೋಟೆ ಕಾರ್ನ್‌ವಾಲಿಸನ ಸೇನೆಗೆ ಬಿದ್ದದ್ದು 1791ರ ಅಕ್ಟೋಬರ್‌ನಲ್ಲಿ, ಅಂದರೆ ಶ್ರೀರಂಗಪಟ್ಟಣದ ಪತನಕ್ಕೆ ಏಳು ವರ್ಷಗಳಿಗೂ ಹಿಂದೆ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಕೈಬಿಟ್ಟಿತ್ತು. ಆ ಯುದ್ಧದಲ್ಲಿ ಕಂಪನಿಯ ಪಕ್ಕದಲ್ಲಿ ನಿಂತವರು ಮರಾಠರು ಮತ್ತು ಹೈದರಾಬಾದಿನ ನಿಜಾಮರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಹೊರಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಆ ಮಕ್ಕಳು ಮರಳಿ ಬಂದದ್ದು 1794ರಲ್ಲಿ. ನೆಲ, ಹಣ, ಮಿತ್ರರು ಮೂರನ್ನೂ ಕಳೆದುಕೊಂಡ ರಾಜ್ಯವೊಂದು ಮತ್ತೆ ಯುದ್ಧಕ್ಕೆ ನಿಲ್ಲಬೇಕಾಗಿ ಬಂತು. ದ್ರೋಹವು ಕೊನೆಯ ಬಾಗಿಲನ್ನು ತೆರೆದಿರಬಹುದು. ಗೋಡೆ ಅದಕ್ಕೂ ಬಹಳ ಮೊದಲೇ ಬಿರುಕುಬಿಟ್ಟಿತ್ತು.

ಹಾಗಾದರೆ ದ್ರೋಹಿಯ ಕಥೆ ನಮಗೇಕೆ ಇಷ್ಟು ಪ್ರಿಯ? ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ ಎಂಬುದಕ್ಕಾಗಿ! ಒಬ್ಬ ಕೆಟ್ಟವನನ್ನು ಶಪಿಸಿದರೆ ಮುಗಿಯಿತು. ನಮ್ಮ ಇಂದಿನ ಸೋಲುಗಳಿಗೂ ನಾವು ಇದೇ ಮದ್ದನ್ನು ಹಚ್ಚುತ್ತೇವೆ. ಮದರಸ ನಡೆಯದಿದ್ದರೆ ಯಾರೋ ಒಬ್ಬ ದ್ರೋಹಿ, ಸಂಸ್ಥೆ ಒಡೆದರೆ ಯಾರೋ ಒಬ್ಬ ಮುನಾಫಿಕ್. ಜನರು ತಮ್ಮೊಳಗನ್ನು ತಿದ್ದಿಕೊಳ್ಳದೆ ಅವರ ಸ್ಥಿತಿ ಬದಲಾಗದು ಎಂಬ ಕುರ್‌ಆನಿನ ಬೋಧನೆಯನ್ನು ನಾವು ಭಾಷಣಗಳಲ್ಲಿ ಕೇಳಿ ತಲೆದೂಗುತ್ತೇವೆ, ಇತಿಹಾಸ ಓದುವಾಗ ಮರೆಯುತ್ತೇವೆ.

ಮೈಸೂರಿನ ನಿಜವಾದ ದೌರ್ಬಲ್ಯ ಇನ್ನೊಂದೆಡೆ ಇತ್ತು. ಸುಧಾರಣೆಯ ಆಜ್ಞೆಗಳೆಲ್ಲ ಅರಸರೊಬ್ಬರ ಕೈಯಿಂದಲೇ ಹೊರಡುತ್ತಿದ್ದವು. ಪರಸ್ಪರ ಸಮಾಲೋಚನೆಯನ್ನು ಇಸ್ಲಾಮ್ ವಿಶ್ವಾಸಿಗಳ ಗುಣವೆಂದು ಕಲಿಸುತ್ತದೆ. ಆದರೆ ಅರಸನಿಲ್ಲದಾಗಲೂ ರಾಜ್ಯವನ್ನು ನಡೆಸಬಲ್ಲ ಸಭೆ ಅಲ್ಲಿ ರೂಪುಗೊಂಡಿರಲಿಲ್ಲ. ಕೊಡಗು, ಮಲಬಾರ್‌ಗಳಲ್ಲಿ ನಡೆದ ಕಠೋರ ದಂಡಯಾತ್ರೆಗಳು ಆ ಜನರನ್ನು ರಾಜ್ಯದ ಮಿತ್ರರನ್ನಾಗಿಸಲಿಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಸುಲ್ತಾನರ ಗೌರವಕ್ಕೆ ಕುಂದಿಲ್ಲ. ಅರಸರು ಪ್ರವಾದಿಗಳಲ್ಲ, ಅವರನ್ನು ತೂಗಿ ನೋಡುವುದು ಪಾಪವೂ ಅಲ್ಲ.

ಅವರ ಹೆಸರನ್ನೇ ಅಳಿಸಲು ಹೊರಟವರಿಗೂ ಒಂದು ಮಾತು ಹೇಳಬೇಕು. 2015ರಲ್ಲಿ ಸರ್ಕಾರವೊಂದು ಜಯಂತಿಯನ್ನು ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ರದ್ದುಪಡಿಸಿತು. ಕೊಡಗಿನ ನೋವನ್ನು ನೆನೆಯುವವರು, 1791ರಲ್ಲಿ ಮರಾಠಾ ಪಡೆಗಳು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಗುರುಗಳಿಗೆ ಪತ್ರ ಬರೆದು ನೆರವು ಕಳುಹಿಸಿದವರು ಯಾರೆಂಬುದನ್ನೂ ನೆನೆಯಲಿ. ಖಜಾನೆಯನ್ನು ಪೂರ್ಣಯ್ಯನವರ ಕೈಗೆ ಒಪ್ಪಿಸಿದವರು ಯಾರೆಂಬುದನ್ನೂ ಹೇಳಲಿ. ಅರ್ಧ ಇತಿಹಾಸ ಯಾರ ಬಾಯಿಂದ ಬಂದರೂ ಅದು ಸುಳ್ಳಿನ ಸೋದರನೇ.

ಇಷ್ಟಾಗಿಯೂ ಸುಲ್ತಾನರ ಒಂದು ಕಾರ್ಯ ಶ್ರೀರಂಗಪಟ್ಟಣದೊಂದಿಗೆ ಬೀಳಲಿಲ್ಲ. ಅದೇ ರೇಷ್ಮೆ. ಬಂಗಾಳದಿಂದ ರೇಷ್ಮೆಹುಳು ತರಿಸಲು ಅವರು ಕಳುಹಿಸಿದ ಇಬ್ಬರಲ್ಲಿ ಒಬ್ಬರು ಮುಸ್ಲಿಮರು, ಇನ್ನೊಬ್ಬರ ಹೆಸರು ಕಸ್ತೂರಿ ರಂಗ. ಹುಳು ಸಾಕುವ ವಿಧಾನವನ್ನೂ, ಬೇಕಾದ ಹಿಪ್ಪುನೇರಳೆಯನ್ನೂ ಅವರಿಂದ ಕೇಳಿ ತಿಳಿದುಕೊಳ್ಳುವಂತೆ 1786ರಲ್ಲಿ ಪತ್ರ ಬರೆಸಿದ ದೊರೆ ಇವರು. ಕೋಠಿಗಳು ಮುಚ್ಚಿದವು, ಪಂಚಾಂಗ ಮರೆತುಹೋಯಿತು, ನಾಣ್ಯಗಳು ವಸ್ತುಸಂಗ್ರಹಾಲಯ ಸೇರಿದವು. ರೇಷ್ಮೆ ಮಾತ್ರ ಏಳುಬೀಳುಗಳ ನಡುವೆಯೂ ಉಳಿಯಿತು. ಏಕೆಂದರೆ ಅದು ಅರಮನೆಯಿಂದ ರೈತನ ಹೊಲಕ್ಕೆ, ನೂಲು ಬಿಚ್ಚುವವನ ಮನೆಗೆ ದಾಟಿತ್ತು. ಇಂದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹಿಂದೂ ರೈತ ತಂದ ಗೂಡನ್ನು ಮುಸ್ಲಿಂ ರೀಲರ್ ಹರಾಜಿನಲ್ಲಿ ಕೊಳ್ಳುವಾಗ ಆ ದೂರದೃಷ್ಟಿ ಇನ್ನೂ ಕೆಲಸ ಮಾಡುತ್ತಿದೆ. ಜನರ ಕೈಗೆ ಸೇರಿದ್ದು ಉಳಿಯುತ್ತದೆ, ಒಬ್ಬನ ಕೈಯಲ್ಲಿದ್ದದ್ದು ಅವನೊಂದಿಗೆ ಹೋಗುತ್ತದೆ. ಗೌರಿಬಿದನೂರಿನ ವಿದುರಾಶ್ವತ್ಥವೂ ಇದನ್ನೇ ಸಾರುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಸಾಮಾನ್ಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆದರೆ ಚಳವಳಿ ಅಳಿಯಲಿಲ್ಲ; ಅದು ಯಾರೋ ಒಬ್ಬರ ಪ್ರಾಣಕ್ಕೆ ಕಟ್ಟಿದ್ದಾಗಿರಲಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಮುಂದಿರುವ ಪ್ರಶ್ನೆ ಇದು. ವರ್ಷಕ್ಕೊಮ್ಮೆ ಹುಲಿಯ ಚಿತ್ರದ ಬ್ಯಾನರ್ ಕಟ್ಟಿ, ಬೈಕುಗಳ ಮೇಲೆ ಘೋಷಣೆ ಕೂಗಿ ಮನೆಗೆ ಮರಳಿದರೆ ಸುಲ್ತಾನರ ಋಣ ತೀರಿತೇ? ನೂಲು ಬಿಚ್ಚುವ ಬಿಸಿನೀರಿನಲ್ಲಿ ತಾಯಂದಿರ ಬೆರಳು ಬೇಯುತ್ತಿರುವಾಗ, ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಹುಡುಗರು ಶಾಲೆ ಬಿಡುತ್ತಿರುವಾಗ ಖಡ್ಗದ ಚಿತ್ರ ಯಾರನ್ನು ಕಾಯುತ್ತದೆ? ಆ ಬ್ಯಾನರಿನ ಹಣದಲ್ಲಿ ಒಬ್ಬ ಬಾಲಕಿಯ ಕಾಲೇಜು ಶುಲ್ಕ ಕಟ್ಟಿರಿ. ಪ್ರತಿ ಮಸೀದಿಯ ಸಮಿತಿಯೂ ಲೆಕ್ಕವನ್ನು ಜಮಾಅತಿನ ಮುಂದಿಡಲಿ, ನಿರ್ಧಾರಗಳನ್ನು ಸಮಾಲೋಚನೆಯಿಂದ ಕೈಗೊಳ್ಳಲಿ. ಒಬ್ಬ ನಾಯಕ ಬಿದ್ದರೂ ನಿಲ್ಲದಂತಹ ಕೆಲಸಗಳನ್ನು ಕಟ್ಟೋಣ. ಮೀರ್ ಸಾದಿಕ್‌ನನ್ನು ಶಪಿಸುತ್ತಾ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದಿದ್ದೇವೆ. ಇನ್ನಾದರೂ ಸುಲ್ತಾನರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕೈಗೆತ್ತಿಕೊಳ್ಳೋಣ. ಅಲ್ಲಾಹನು ಅದಕ್ಕೆ ನಮಗೆ ವಿವೇಕವನ್ನೂ ಸ್ಥೈರ್ಯವನ್ನೂ ಅನುಗ್ರಹಿಸಲಿ.