ದ್ವೀಪಕ್ಕೆ ಹಿತ್ತಲಿಲ್ಲ



ಚಳಿ ಶುರುವಾಯಿತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು. ವಸಂತನರಸಾಪುರ, ಗುಬ್ಬಿ, ಕುಣಿಗಲ್ ಕಡೆಯಿಂದ ಹೊರಡುವ ಬಸ್ಸುಗಳಲ್ಲಿ ಎಷ್ಟೋ ಬಸ್ಸುಗಳು ಘಟ್ಟ ಇಳಿದು ಉಡುಪಿ ಸೇರುತ್ತವೆ. ಕೃಷ್ಣನ ದರ್ಶನ, ಮಲ್ಪೆಯ ಕಡಲು, ಆಮೇಲೆ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ. ಬಯಲುಸೀಮೆಯ ಮಕ್ಕಳಿಗೆ ಸುತ್ತ ನಾಲ್ಕೂ ಕಡೆ ನೀರು ಕಾಣುವುದೇ ಒಂದು ಹಬ್ಬ. ಈ ವಾರ ಆ ದ್ವೀಪದ ಕಲ್ಲಿನ ಬಗ್ಗೆ ಒಂದಿಷ್ಟು, ಅಲ್ಲಿನ ಕಸದ ಬಗ್ಗೆ ಇನ್ನಷ್ಟು ಮಾತಾಡೋಣ.

ಮೊದಲು ಕಲ್ಲು. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳ ನೋಡಿದ್ದೀರಲ್ಲ? ಮಣ್ಣು ಒಣಗುತ್ತಾ ಬಿರುಕು ಬಿಟ್ಟು, ಐದು ಮೂಲೆ, ಆರು ಮೂಲೆಯ ಬಿಲ್ಲೆಗಳಾಗಿರುತ್ತದೆ. ಸೇಂಟ್ ಮೇರೀಸ್ ದ್ವೀಪದಲ್ಲೂ ಹಾಗೇ ಆಯಿತು. ಒಣಗಿದ್ದು ಕೆಸರಲ್ಲ, ಲಾವಾ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಆಫ್ರಿಕಾ ಪಕ್ಕದ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಭೂಮಿಯೊಳಗಿಂದ ಉಕ್ಕಿದ ಲಾವಾ ತಣ್ಣಗಾಗುತ್ತಾ ಬಿರುಕು ಬಿಟ್ಟು ಕಂಬಗಳಾಗಿ ನಿಂತಿತು. ಯಾವ ಶಿಲ್ಪಿಯೂ ಕೆತ್ತದ ಕಂಬಗಳು ಅವು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಈಗ ಕಸ. ಆ ದ್ವೀಪದಲ್ಲಿ ಮನೆಗಳಿಲ್ಲ. ಊರಿಲ್ಲ. ಬೆಳಗ್ಗೆ ಹೋದವರು ಸಂಜೆಯೊಳಗೆ ವಾಪಸ್ಸು ಬರಬೇಕು. ಹಾಗಿದ್ದ ಮೇಲೆ ಅಲ್ಲಿ ಕಸ ಎಲ್ಲಿಂದ ಬರುತ್ತದೆ?

ಎರಡು ದಾರಿಯಿಂದ ಬರುತ್ತದೆ. ಒಂದು, ನಮ್ಮ ಚೀಲದಲ್ಲಿ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಚಾಕೊಲೇಟ್ ಕಾಗದ. ಇನ್ನೊಂದು, ಅಲೆಯ ಮೇಲೆ. ನಾಡಿನ ಹೊಳೆಗಳು ಸಮುದ್ರಕ್ಕೆ ಒಯ್ದ ಕಸವನ್ನು, ದೋಣಿಗಳಿಂದ ಬಿದ್ದ ಬಲೆ ತುಂಡನ್ನು, ಹಗ್ಗವನ್ನು ಸಮುದ್ರ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕೈಗೆ ಸಿಕ್ಕ ದಡಕ್ಕೆ ತಂದು ಹಾಕುತ್ತದೆ.

ಊರಾಗಿದ್ದರೆ ಗುಡಿಸಿ ಒಂದು ಮೂಲೆಗೆ ಹಾಕಬಹುದಿತ್ತು. ದ್ವೀಪದಲ್ಲಿ ಮೂಲೆ ಎಲ್ಲಿದೆ? ಹೂಳೋಣವೆಂದರೆ ಕೆಳಗೆ ಬಂಡೆ. ಸುಡೋಣವೆಂದರೆ ಹೊಗೆ. ಕಂಬಗಳ ಸಂದಿಗೆ ಬಿದ್ದ ಬಾಟಲಿಯನ್ನು ಪೊರಕೆಯಿಂದ ಎಳೆಯಲಾಗದು, ಯಾರಾದರೂ ಬಗ್ಗಿ ಕೈಹಾಕಿಯೇ ತೆಗೆಯಬೇಕು. ಹಾಗೆ ತೆಗೆದದ್ದನ್ನೆಲ್ಲ ಚೀಲಕ್ಕೆ ತುಂಬಿ, ದೋಣಿಗೆ ಹೊತ್ತು, ಮಲ್ಪೆಗೆ ತಂದು ಇಳಿಸಬೇಕು. ಮಳೆಗಾಲದಲ್ಲಿ ಕಡಲು ಒರಟಾಗುತ್ತದೆ, ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಮೇ ತಿಂಗಳ ಕೊನೆಗೆ ಬಿಟ್ಟು ಬಂದ ಬಾಟಲಿ ಆ ತಿಂಗಳುಗಳಷ್ಟೂ ಅಲ್ಲೇ ಇರುತ್ತದೆ, ಇಲ್ಲವೇ ಅಲೆಯ ಪಾಲಾಗುತ್ತದೆ. ಅದಕ್ಕೇ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯಬಾರದೆಂಬ ನಿಯಮ. ದೋಣಿ ಹತ್ತುವ ಮುಂಚೆ ಚೀಲ ತೋರಿಸಿ ಎಂದರೆ ಸಿಡುಕಬೇಡಿ. ಒಯ್ಯದ ಕಸವನ್ನು ಯಾರೂ ಹೊತ್ತು ತರಬೇಕಾಗಿಲ್ಲ.

ಹಾಗೆ ಹೊತ್ತು ತರದೆ ಒಂದೆಡೆ ಸುರಿಯುತ್ತಾ ಹೋದರೆ ಏನಾಗುತ್ತದೆ? ಮಾಲ್ಡೀವ್ಸ್ ಹೆಸರು ಕೇಳಿರಬಹುದು. ಕೇರಳದ ಆಚೆ, ಸಮುದ್ರದಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ದೇಶ. ಲೋಕದ ಪ್ರವಾಸಿಗರೆಲ್ಲ ಅಲ್ಲಿಗೆ ಹೋಗುತ್ತಾರೆ. ಅವರ ಕಸಕ್ಕೆ ಜಾಗವಿಲ್ಲದೆ, 1992ರಿಂದ ರಾಜಧಾನಿ ಮಾಲೆಯ ಹತ್ತಿರ ಸಮುದ್ರದ ಆಳವಿಲ್ಲದ ಒಂದು ಭಾಗಕ್ಕೆ ಕಸ ಸುರಿಯತೊಡಗಿದರು. ಸುರಿದೂ ಸುರಿದೂ ಅದೇ ಒಂದು ದ್ವೀಪವಾಯಿತು! ಹೆಸರು ತಿಲಫುಶಿ. ಅಲ್ಲಿ ಕಸ ಸುಟ್ಟ ಹೊಗೆ ವರ್ಷಗಟ್ಟಲೆ ದೂರಕ್ಕೂ ಕಾಣುತ್ತಿತ್ತು. ಅಂದದ ದ್ವೀಪಗಳನ್ನು ಅಂದವಾಗಿಡಲು ಒಂದು ಕಸದ ದ್ವೀಪವನ್ನೇ ಕಟ್ಟಬೇಕಾಯಿತು.

‘ನಮಗೇನು, ನಾವಿರುವುದು ತುಮಕೂರು ಜಿಲ್ಲೆ, ಸಮುದ್ರವೇ ಇಲ್ಲ’ ಅನ್ನುತ್ತೀರಾ? ಸ್ವಲ್ಪ ತಡೆಯಿರಿ. ಈ ಮಾತಿಗೆ ಅಜ್ಜ ಅಜ್ಜಿಯರ ಸಹಾಯ ಬೇಕು.

ಅವರ ಕಾಲದಲ್ಲಿ ಪ್ರತಿ ಮನೆಗೂ ಒಂದು ಹಿತ್ತಲು, ಹಿತ್ತಲಿಗೊಂದು ತಿಪ್ಪೆ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ತರಕಾರಿ ಸಿಪ್ಪೆ, ಉಂಡ ಮುತ್ತುಗದ ಎಲೆ ಎಲ್ಲವೂ ಅಲ್ಲಿಗೆ. ಮುಂಗಾರಿಗೆ ಮುಂಚೆ ಅದೇ ಗೊಬ್ಬರವಾಗಿ ಗಾಡಿ ಹತ್ತಿ ರಾಗಿ ಹೊಲಕ್ಕೆ ಹೋಗುತ್ತಿತ್ತು. ಎಸೆದದ್ದು ಅನ್ನವಾಗಿ ಮನೆಗೇ ಮರಳುತ್ತಿತ್ತು. ಆ ಕಾಲದಲ್ಲಿ ‘ಬಿಸಾಡು’ ಅಂದರೆ ‘ಹಿತ್ತಲಿಗೆ ಹಾಕು’ ಎಂದೇ ಅರ್ಥ. ಅದರಲ್ಲಿ ತಪ್ಪೇನೂ ಇರಲಿಲ್ಲ. ಕೈಯ ಅಭ್ಯಾಸ ಅದೇ ಉಳಿಯಿತು, ಕೈಯಲ್ಲಿರುವ ವಸ್ತು ಮಾತ್ರ ಬದಲಾಯಿತು.

ಏನು ಬದಲಾಯಿತು ನೋಡಿ. ನಮ್ಮ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2014ರ ಸೆಪ್ಟೆಂಬರ್ 24ರಂದು ಫುಡ್ ಪಾರ್ಕ್ ಉದ್ಘಾಟನೆಯಾಯಿತು. ರೈತ ಬೆಳೆದದ್ದು ಹಾಳಾಗದೆ ದೂರದ ಊರು ತಲುಪಲಿ ಎಂಬುದು ಇಂಥ ಪಾರ್ಕುಗಳ ಉದ್ದೇಶ. ದೂರ ಹೋಗುವ ತಿನಿಸಿಗೆ ಗಾಳಿ, ತೇವ ತಾಗದ ಪೊಟ್ಟಣ ಬೇಕೇ ಬೇಕು. ಪೊಟ್ಟಣ ಶತ್ರುವಲ್ಲ. ಆದರೆ ಅದಕ್ಕೆ ತಿಪ್ಪೆಯಲ್ಲಿ ಜಾಗವಿಲ್ಲ. ಹತ್ತು ಮುಂಗಾರು ಕಳೆದರೂ ಅದು ಗೊಬ್ಬರವಾಗದು.

ಎಲ್ಲ ಒಣ ಕಸವೂ ಒಂದೇ ಅಲ್ಲ ಎಂಬುದನ್ನು ಗುಜರಿಯವರನ್ನು ಕೇಳಿ ತಿಳಿಯಬಹುದು. ರಟ್ಟು, ಕಬ್ಬಿಣ, ತೊಳೆದ ಹಾಲಿನ ಕವರ್, ನೀರಿನ ಬಾಟಲಿ ಕೊಟ್ಟರೆ ತೂಗಿ ದುಡ್ಡು ಕೊಡುತ್ತಾರೆ. ಬಾಟಲಿಯನ್ನು ತೊಳೆದು, ಚೂರು ಮಾಡಿ, ಕರಗಿಸಿ, ಎಳೆ ತೆಗೆದು ಬಟ್ಟೆಯ ನೂಲು ಮಾಡುತ್ತಾರೆ. ಅಲ್ಯೂಮಿನಿಯಂ ಡಬ್ಬಿಯನ್ನು ಕರಗಿಸಿ ಮತ್ತೆ ಡಬ್ಬಿ ಮಾಡಿದರೆ, ಅದಿರಿನಿಂದ ಹೊಸದಾಗಿ ಮಾಡಲು ಬೇಕಾದ ಶಕ್ತಿಯಲ್ಲಿ ಶೇಕಡಾ 95ರಷ್ಟು ಉಳಿಯುತ್ತದೆ. ಚಿಪ್ಸ್ ಪೊಟ್ಟಣ ಕೊಟ್ಟು ನೋಡಿ, ಬೇಡ ಎನ್ನುತ್ತಾರೆ. ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್‌ಗೆ ಅಂಟಿಸಿದ ಲೋಹದ ತೆಳು ಲೇಪ. ಎರಡನ್ನೂ ಬಿಡಿಸುವುದು ಬಲು ಕಷ್ಟ. ಚೆನ್ನಾಗಿ ಬೇರ್ಪಡಿಸಿ ಕೊಟ್ಟರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾದೀತು, ಅಷ್ಟೇ.

ಇನ್ನೊಂದು ಮಾತು. ಅದೇ ನೀರಿನ ಬಾಟಲಿಯನ್ನು ಸಾರು, ಅನ್ನದ ಜೊತೆ ಒಂದೇ ಬುಟ್ಟಿಗೆ ಹಾಕಿದರೆ ಅದಕ್ಕೂ ಬೆಲೆ ಹೋಗುತ್ತದೆ. ಅನ್ನವೂ ಗೊಬ್ಬರವಾಗದು, ಬಾಟಲಿಯೂ ನೂಲಾಗದು. ಹಸಿ ಕಸ, ಒಣ ಕಸ, ಔಷಧಿ-ಬ್ಯಾಟರಿಯಂಥ ಅಪಾಯದ ಕಸ, ಹೀಗೆ ಮನೆಯಲ್ಲೇ ಬೇರೆ ಮಾಡಬೇಕೆಂದು ದೇಶದ 2016ರ ನಿಯಮಗಳು ಹೇಳಿದ್ದು ಇದಕ್ಕಾಗಿಯೇ.

ಬೇರೆ ಮಾಡದೆ ಕೊಟ್ಟ ಕಸ ಎಲ್ಲಿಗೆ ಹೋಗುತ್ತದೆ? ನಮ್ಮ ಬೀದಿಯಿಂದ ಹೋಗುತ್ತದೆ, ಬೇರೆಯವರ ಊರಿಗೆ. ಬೆಂಗಳೂರಿನ ಕಸ ವರ್ಷಾನುಗಟ್ಟಲೆ ಮಂಡೂರಿಗೆ ಹೋಯಿತು. ಆ ಊರಿನವರು ನಾತ, ನೊಣ ತಾಳಲಾರದೆ ರಸ್ತೆಗಿಳಿದು ಹೋರಾಡಿದ ಮೇಲೆ, 2014ರ ಡಿಸೆಂಬರ್ 1ರಿಂದ ನಿಂತಿತು. ತುಮಕೂರು ನಗರದ ಕಸದ ಘಟಕ ಇರುವುದು ಅಜ್ಜಗೊಂಡನಹಳ್ಳಿಯಲ್ಲಿ. ಅಲ್ಲೂ ಮನೆಗಳಿವೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನಾವು ‘ಹಿತ್ತಲು’ ಅಂದುಕೊಂಡದ್ದು ಇನ್ನೊಬ್ಬರ ಅಂಗಳ. ದ್ವೀಪದಲ್ಲಿ ಈ ಸತ್ಯ ಕಣ್ಣಿಗೆ ಹೊಡೆಯುತ್ತದೆ, ನೆಲದಲ್ಲಿ ಲಾರಿ ತಿರುವಿನಾಚೆ ಮರೆಯಾದರೆ ನಾವು ಮರೆತುಬಿಡುತ್ತೇವೆ.

ಕಸ ಲಾರಿಯಲ್ಲೇ ಹೋಗಬೇಕೆಂದೂ ಇಲ್ಲ. ದೇವರಾಯನದುರ್ಗಕ್ಕೆ ಹೋದವರು ಬೆಟ್ಟದ ಮೇಲೆ ಪೊಟ್ಟಣ ಎಸೆಯುತ್ತಾರೆ. ಕೋತಿ ಹಿಡಿದರೆ ಕೋತಿಯ ಪಾಡು. ಮಳೆ ಹಿಡಿದರೆ? ಶಿಂಷಾ ನದಿ ಹುಟ್ಟುವುದು ಆ ಬೆಟ್ಟಸಾಲಿನಲ್ಲೇ. ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ, ಆಮೇಲೆ ಮದ್ದೂರು, ಮುಂದೆ ಕಾವೇರಿ. ಕಾವೇರಿಯಲ್ಲಿ ಮೂರು ದ್ವೀಪಗಳಲ್ಲಿ ರಂಗನಾಥ ಮಲಗಿದ್ದಾನೆ ಎಂದು ಅಜ್ಜಿ ಹೇಳುತ್ತಾರಲ್ಲ? ಆದಿರಂಗ ಶ್ರೀರಂಗಪಟ್ಟಣ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ತಮಿಳುನಾಡಿನ ಶ್ರೀರಂಗಂ. ಶಿಂಷಾ ಕಾವೇರಿಯನ್ನು ಕೂಡುವುದು ಮಧ್ಯರಂಗ ದಾಟಿದ ಮೇಲೆ. ಹಾಗಾಗಿ ನಮ್ಮ ಬೆಟ್ಟದ ನೀರು ಹೋಗುವ ದಾರಿಯಲ್ಲಿ ಅಂತ್ಯರಂಗವಿದೆ. ಪೊಟ್ಟಣ ಅಷ್ಟು ದೂರ ಹೋಗದೆ ಕಡಬದ ತೂಬಿಗೋ, ಯಾರದೋ ಗದ್ದೆಯ ಕಾಲುವೆಗೋ ಸಿಕ್ಕಿಕೊಂಡೀತು. ಅದೇನು ಒಳ್ಳೆಯ ಸುದ್ದಿಯೇ?

ಇನ್ನು ಪ್ರವಾಸದ ಸಿದ್ಧತೆ. ಕರ್ನಾಟಕದಲ್ಲಿ 2016ರ ಮಾರ್ಚ್ 11ರಿಂದಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ. ಬಾಟಲಿ, ಪೊಟ್ಟಣಗಳ ವಿಚಾರ ನಮ್ಮ ಕೈಯಲ್ಲಿದೆ.

ಸ್ಟೀಲ್ ಬಾಟಲಿಯಲ್ಲಿ ನೀರು, ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ. ‘ಮಗು ಡಬ್ಬಿ ಕಳೆದುಕೊಂಡು ಬರುತ್ತೆ’ ಎಂದು ಅಮ್ಮ ಹೆದರಿದರೆ ಅಜ್ಜಿ ಒಂದು ಉಪಾಯ ಹೇಳಲಿ: ಹಿಂದೆ ಪಾತ್ರೆ ಕೊಂಡಾಗ ಹೆಸರು ಕೆತ್ತಿಸುತ್ತಿದ್ದರು. ಮದುವೆಮನೆಗೆ ಹೋದ ಪಾತ್ರೆಯೂ ಹೆಸರು ಹಿಡಿದು ಮನೆಗೆ ಬರುತ್ತಿತ್ತು. ಎಲ್ಲರಿಗೂ ಬಡಿಸುವುದಾದರೆ ನಮ್ಮ ಗುಬ್ಬಿ ಸೀಮೆಯಲ್ಲಿ ಅಡಿಕೆ ಹಾಳೆ ತಟ್ಟೆಗೆ ಬರವೇ? ಉಂಡ ಮೇಲೆ ಅದನ್ನೂ ಅಲ್ಲೇ ಬಿಡಬೇಡಿ.

ಬಸ್ಸಿನಲ್ಲಿ ಎರಡು ಗೋಣಿಚೀಲ ಇರಲಿ, ಒಂದು ಹಸಿಗೆ, ಒಂದು ಒಣಕ್ಕೆ. ಹೊರಡುವಾಗ ಎಷ್ಟು ಪೊಟ್ಟಣ ಹತ್ತಿದವು, ವಾಪಸ್ಸು ಬರುವಾಗ ಎಷ್ಟು ಖಾಲಿ ಪೊಟ್ಟಣ ಬಂದವು, ತರಗತಿಯ ಲೀಡರ್ ಎಣಿಸಲಿ. ಮೇಷ್ಟ್ರು ಮಕ್ಕಳ ತಲೆ ಎಣಿಸುವ ಹಾಗೆ! ಲೆಕ್ಕ ಸರಿಹೋಗುವವರೆಗೆ ಬಸ್ಸು ಹೊರಡುವುದು ಬೇಡ.

ಈ ವಾರದ ಕೆಲಸ: ಮೂರು ದಿನ ನಿಮ್ಮ ಮನೆಯ ಒಣ ಕಸವನ್ನು ಒಂದು ಚೀಲದಲ್ಲಿ ಕೂಡಿಡಿ. ನಾಲ್ಕನೆಯ ದಿನ ಅಜ್ಜನ ಜೊತೆ ಕೂತು ಎರಡು ಗುಡ್ಡೆ ಮಾಡಿ: ಗುಜರಿಯವರು ಕೊಳ್ಳುವುದು ಒಂದು, ಕೊಳ್ಳದೇ ಇರುವುದು ಇನ್ನೊಂದು. ಎರಡನೆಯ ಗುಡ್ಡೆಯಲ್ಲಿ ಅಜ್ಜನ ಬಾಲ್ಯದಲ್ಲಿ ಇರದಿದ್ದ ವಸ್ತುಗಳೆಷ್ಟು, ಎಣಿಸಿ. ಮುಂದಿನ ವಾರ ಅದರಲ್ಲಿ ಒಂದನ್ನು ಕೊಳ್ಳದೆ ಇರಲು ಸಾಧ್ಯವೇ, ಮನೆಯಲ್ಲಿ ಕೂತು ಮಾತಾಡಿ.