ವಾಗ್ದಾನವೂ ಅವಧಿಯೂ

ನಮ್ಮ ಕ್ರೈಸ್ತ ಮನೆಗಳ ಗೋಡೆಗಳಲ್ಲಿ, ಹೊಸ ವರ್ಷದ ಕ್ಯಾಲೆಂಡರುಗಳಲ್ಲಿ, ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ಪದೇ ಪದೇ ಕಾಣಸಿಗುವ ವಚನವೊಂದಿದೆ. ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವದು. ದೇವರ ಯೋಜನೆಯು ನಮ್ಮ ಹಿತಕ್ಕಾಗಿಯೇ ಇದೆಯೆಂಬ ಭರವಸೆಯನ್ನು ಅದು ನೀಡುತ್ತದೆ. ಅದರ ಮೇಲಿನ ಹತ್ತನೆಯ ವಚನಕ್ಕೆ ಮಾತ್ರ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರನ್ನು ನಾವು ಕಂಡಿಲ್ಲ. ಬಾಬಿಲೋನಿಗೆ ಎಪ್ಪತ್ತು ವರ್ಷ ತುಂಬಿದ ಬಳಿಕವೇ ಆ ಹಿತವು ಕೈಗೂಡುವುದೆಂದು ಅಲ್ಲಿ ಹೇಳಿದೆ. ಕ್ಯಾಲೆಂಡರು ಅಚ್ಚು ಹಾಕಿಸುವವರು, ಪ್ರಾಯೋಜಕರ ಜಾಹೀರಾತನ್ನು ಕೊಂಚ ಕಿರಿದಾಗಿಸಿಯಾದರೂ ಈ ವಚನವನ್ನು ಸೇರಿಸಬೇಕೆಂಬುದು ನಮ್ಮ ಸಲಹೆ.

ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ್ ಅರಸನು ಜೆರುಸಲೇಮಿನಿಂದ ಸೆರೆಯೊಯ್ದ ಜನರಿಗೆ ಪ್ರವಾದಿಯು ಬರೆದ ಪತ್ರವಿದು. ಅದನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಬಹುಪಾಲಿನವರು ತಾಯ್ನಾಡನ್ನು ಮತ್ತೆ ಕಾಣುವಂತಿರಲಿಲ್ಲ. ಹಾಗಿದ್ದರೂ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ನಿಮ್ಮನ್ನು ಸೆರೆಯಲ್ಲಿಟ್ಟ ನಗರದ ಹಿತಕ್ಕಾಗಿಯೂ ಪ್ರಾರ್ಥಿಸಿರಿ ಎಂಬುದೇ ಆ ಪತ್ರದ ಸಾರ. ಅದೇ ಕಾಲದಲ್ಲಿ ಜೆರುಸಲೇಮಿನ ದೇವಾಲಯದಲ್ಲಿ ನಿಂತು ಹನನ್ಯನೆಂಬವನು ಎರಡೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗುವರೆಂದು ಸಾರುತ್ತಿದ್ದನು. ಯಾರ ಮಾತು ಜನರಿಗೆ ಹಿತವೆನಿಸಿರಬೇಕೆಂದು ಬಿಡಿಸಿ ಹೇಳಬೇಕೆ? ಯೆರೆಮೀಯನು ಕೂಡ ಮೊದಲು ‘ಆಮೆನ್’ ಎಂದೇ ನುಡಿದನು. ಆದರೆ ಅದು ದೇವರು ಆಡಿದ ಮಾತಾಗಿರಲಿಲ್ಲ.

ಹನನ್ಯನ ವಂಶ ಇಂದಿಗೂ ಅಳಿದಿಲ್ಲ. ಈ ಸಂದೇಶವನ್ನು ಒಂಬತ್ತು ಮಂದಿಗೆ ಕಳುಹಿಸಿದರೆ ಮೂರು ದಿನಗಳಲ್ಲಿ ಶುಭವಾರ್ತೆ ಬರುವುದೆಂದು ವಾಟ್ಸಾಪಿನಲ್ಲಿ ಹೇಳುವವರಿದ್ದಾರೆ. ಗುಳಿಗೆ ಬಿಟ್ಟು ವಿಶ್ವಾಸವಿಡು ಎಂದು ವೇದಿಕೆಯಿಂದ ಹೇಳುವವರೂ ಇದ್ದಾರೆ. ಹೇಳಿದ ದಿನ ಕಳೆದುಹೋದಾಗ ಹೇಳಿದವರಿಗೆ ನಷ್ಟವೇನೂ ಇಲ್ಲ. ರೋಗಿಯ ಹಾಸಿಗೆಯ ಬಳಿ ‘ನಿಮ್ಮ ವಿಶ್ವಾಸ ಸಾಲಲಿಲ್ಲ’ ಎಂಬ ಮಾತು ಕೇಳಬೇಕಾದವರು ಮನೆಯವರು. ಇದಕ್ಕಿಂತ ಕ್ರೂರವಾದ ಮಾತು ಕ್ರೈಸ್ತರ ಬಾಯಿಂದ ಬರಲಾರದೆಂದು ನಮ್ಮ ಭಾವನೆ. ಇಂಥ ಮಾತು ಕೇಳಿ ಭಾನುವಾರದ ಬಲಿಪೂಜೆಯನ್ನೇ ತೊರೆದವರನ್ನು ಸೋಮಾರಿಗಳೆಂದು ಜರೆಯುವ ಮುನ್ನ ನಾವು ಯೋಚಿಸಬೇಕು.

ನೊವೇನಗಳನ್ನು ನಾವು ಹಳಿಯುತ್ತಿಲ್ಲ. ಪ್ರಭು ಸ್ವರ್ಗಾರೋಹಣವಾದ ಬಳಿಕ ಪವಿತ್ರಾತ್ಮರ ಆಗಮನದವರೆಗೆ ಮಾತೆ ಮರಿಯಮ್ಮನವರೊಡನೆ ಪ್ರೇಷಿತರು ಪ್ರಾರ್ಥಿಸುತ್ತ ಕಾದ ದಿನಗಳ ನೆನಪು ಅದರಲ್ಲಿದೆ. ಒಂಬತ್ತು ದಿನವೆಂಬುದು ನಮ್ಮ ಪ್ರಾರ್ಥನೆಯ ಲೆಕ್ಕವೇ ಹೊರತು ದೇವರಿಗೆ ನಾವು ವಿಧಿಸಿದ ಗಡುವಲ್ಲ. ವೀಸಾ, ಅಂಕಪಟ್ಟಿ, ಹೆಣ್ಣುಮಕ್ಕಳ ಮದುವೆ ಎಲ್ಲವನ್ನೂ ದೇವರ ಮುಂದೆ ಅಗತ್ಯವಾಗಿ ಇಡೋಣ. ಆದರೆ ಅವರು ವಾಗ್ದಾನ ಮಾಡಿದ್ದು ನಮ್ಮ ಜೊತೆಗಿರುವೆನೆಂದು. ಅಂಕಪಟ್ಟಿಯ ಬಗ್ಗೆ ಅವರು ಮಾತು ಕೊಟ್ಟಿಲ್ಲ.

ಕಾಯುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನ ಸೇನೆ ಜೆರುಸಲೇಮನ್ನು ಮುತ್ತಿತ್ತು. ಯೆರೆಮೀಯನು ಸ್ವತಃ ಕಾವಲಿನಲ್ಲಿದ್ದನು. ಅಂಥ ಹೊತ್ತಿನಲ್ಲಿ ದೇವರ ಅಪ್ಪಣೆಯಂತೆ ತನ್ನೂರು ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನು. ಸಾಕ್ಷಿಗಳ ಸಹಿ ಹಾಕಿಸಿ, ಕ್ರಯಪತ್ರವನ್ನು ಬಹುಕಾಲ ಬಾಳಲೆಂದು ಮಣ್ಣಿನ ಭರಣಿಯಲ್ಲಿ ಇಡಿಸಿದನು. ಶತ್ರುವಿನ ವಶವಾಗಲಿರುವ ನೆಲಕ್ಕೆ ಹಣ ಸುರಿದದ್ದೇಕೆಂದು ಅವನಿಗೂ ತಿಳಿಯಲಿಲ್ಲ. ಕ್ರಯ ಮುಗಿದ ಮೇಲೆ ಸರ್ವೇಶ್ವರನಲ್ಲಿ ಆ ಗೊಂದಲವನ್ನೇ ತೋಡಿಕೊಂಡನು. ವಿಶ್ವಾಸಿಗಳಿಗೆ ಗೊಂದಲವೇ ಇರಬಾರದೆನ್ನುವವರು ಆ ಪ್ರಾರ್ಥನೆಯನ್ನು 32ನೆಯ ಅಧ್ಯಾಯದಲ್ಲಿ ಓದಿಕೊಳ್ಳಲಿ.

ಆ ಹೊಲದಲ್ಲಿ ಯೆರೆಮೀಯನು ಬೆಳೆ ತೆಗೆದನೆಂದು ಎಲ್ಲಿಯೂ ಬರೆದಿಲ್ಲ. ನಗರ ಬಿದ್ದ ಮೇಲೆ ಅವನನ್ನು ಈಜಿಪ್ಟಿಗೆ ಕರೆದೊಯ್ದರು. ಕ್ರಿ.ಪೂ. 538ರಲ್ಲಿ ಪರ್ಷಿಯದ ಅರಸ ಸೈರಸನು ಸೆರೆಯವರಿಗೆ ಮರಳಲು ಅಪ್ಪಣೆಯಿತ್ತನು. ಹಿಂದಿರುಗಿದವರ ಪಟ್ಟಿ ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಊರೂರಿನ ಲೆಕ್ಕಗಳ ನಡುವೆ ಅನಾತೋತಿನವರು 128 ಮಂದಿ ಎಂದು ಅಲ್ಲಿ ಬರೆದಿದೆ.